ಕಂಬಳದ ಕೆಸರು, ರಾತ್ರಿಯ ದೀಪ ಮತ್ತು ನನ್ನ 77 ಎಂ.ಎಂ. ಫಿಲ್ಟರ್

ನನ್ನ 70-200 ಲೆನ್ಸಿನ ಮುಂಗಾಜಿನ ಮೇಲೆ ಕೂದಲೆಳೆಯಷ್ಟು ಸಪೂರವಾದ ಮೂರು ಗೀರುಗಳಿವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಏಳು ವರ್ಷಗಳ ಹಿಂದೆ ಒಂದು ಕಂಬಳದಲ್ಲಿ ನಾನು ಓಟ ಮುಗಿಯುವ ದಿಬ್ಬವಾದ ಮಂಜೊಟ್ಟಿಯ ಬದಿಯಲ್ಲಿ ನಿಂತಿದ್ದೆ. ಹಗ್ಗದ ಓಟದ ಕೋಣಗಳು ಗುರಿ ಮುಟ್ಟಿ ದಿಬ್ಬ ಹತ್ತುವಾಗ ಗೊರಸಿನಿಂದ ಎದ್ದ ಕೆಸರು ನೇರವಾಗಿ ಲೆನ್ಸಿಗೆ ಬಡಿಯಿತು. ಆ ಹೊತ್ತಿಗೆ ಮುಂದಿನ ಜೋಡಿ ಓಟ ಶುರುವಾಗುವ ಗಂತಿನಲ್ಲಿ ಬಂದು ನಿಂತಾಗಿತ್ತು. ಅವಸರದಲ್ಲಿ ಅಂಗಿಯ ತುದಿಯಿಂದ ಗಾಜನ್ನು ಒರೆಸಿದೆ. ಕೋಣಗಳು ಓಡುವ ಕರೆಯ ಕೆಸರೆಂದರೆ ಬರೀ ಮಣ್ಣಲ್ಲ, ಅದರಲ್ಲಿ ಮರಳಿರುತ್ತದೆ. ನಮ್ಮೂರಿನ ಮಗುವಿಗೂ ಗೊತ್ತಿರುವ ಈ ವಿಷಯ ಆ ಕ್ಷಣಕ್ಕೆ ನನ್ನ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ಗೀರು ಕಂಡಾಗ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಆ ಲೆನ್ಸನ್ನು ನಾನು ಎರಡು ವರ್ಷದ ಮದುವೆ ಸೀಸನ್ನಿನ ದುಡಿಮೆಯಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಮುಂಗಾಜು ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿದರೆ, ನಾನು ಲೆನ್ಸಿಗೆ ಕೊಟ್ಟ ಹಣದ ಮೂರನೆಯ ಒಂದು ಪಾಲನ್ನು ಹೇಳಿದರು. ಬದಲಿಸಲಿಲ್ಲ. ಹಾಗೆ ನೋಡಿದರೆ, ಮುಂಗಾಜಿನ ಸಣ್ಣ ಗೀರು ಸಾಮಾನ್ಯ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದು ಕ್ಯಾಮೆರಾ ಫೋಕಸ್ ಮಾಡಬಲ್ಲ ದೂರಕ್ಕಿಂತ ಎಷ್ಟೋ ಹತ್ತಿರದಲ್ಲಿರುವುದರಿಂದ ಪೂರ್ತಿ ಕರಗಿಹೋಗುತ್ತದೆ. ಎದುರಿಗೆ ಸೂರ್ಯನೋ ದೀಪವೋ ಇದ್ದಾಗ ಮಾತ್ರ ಸುತ್ತ ತೆಳುವಾದ ಮಂಜು ಕವಿದಂತೆ ಆಗುತ್ತದೆ. ಆದರೆ ನನ್ನ ಕೆಲಸದಲ್ಲಿ ಎದುರಿಗೆ ದೀಪ ಇರುವುದೇ ಹೆಚ್ಚು.

ನಾನು ಕಾರ್ಕಳದಲ್ಲಿ ಮದುವೆ, ಗೃಹಪ್ರವೇಶಗಳ ಫೋಟೋ ತೆಗೆದು ಬದುಕುವವನು. ನವೆಂಬರಿನಿಂದ ಮಾರ್ಚ್‌ವರೆಗೆ ಶನಿವಾರ ರಾತ್ರಿ ಬಿಡುವಿದ್ದರೆ ಕಂಬಳಕ್ಕೆ ಹೋಗುತ್ತೇನೆ. ಮಿಯಾರಿನ ಲವ-ಕುಶ, ಮೂಡುಬಿದಿರೆಯ ಕೋಟಿ-ಚೆನ್ನಯ, ಐಕಳದ ಕಾಂತಾಬಾರೆ-ಬೂದಾಬಾರೆ, ಈ ಮೂರನ್ನಂತೂ ತಪ್ಪಿಸುವುದಿಲ್ಲ. ಕ್ಯಾಮೆರಾ ಹಳೆಯ ನಿಕಾನ್ ಡಿ750. ಲೆನ್ಸುಗಳು ಎರಡು: 24-70 ಎಫ್/2.8 ಜಿ ಮತ್ತು 70-200 ಎಫ್/2.8 ವಿಆರ್ II. ಎರಡರ ಬಾಯಿಯ ಅಳತೆಯೂ 77 ಎಂ.ಎಂ. ಹಾಗಾಗಿ ಒಂದೇ ಫಿಲ್ಟರ್, ಅಂದರೆ ಲೆನ್ಸಿನ ಬಾಯಿಗೆ ತಿರುಗಿಸಿ ಹಾಕುವ ರಕ್ಷಣೆಯ ಗಾಜು, ಎರಡಕ್ಕೂ ಕೂರುತ್ತದೆ. ಕೊಳ್ಳುವ ಮೊದಲು ನಿಮ್ಮ ಲೆನ್ಸಿನ ಅಳತೆ ನೋಡಿಕೊಳ್ಳಿ. ಲೆನ್ಸಿನ ಮುಂಭಾಗದಲ್ಲಿ ಅಥವಾ ಮುಚ್ಚಳದ ಒಳಬದಿಯಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕದಲ್ಲಿ ಬರೆದಿರುತ್ತದೆ. ಲೆನ್ಸಿನ ಮೇಲಿರುವ 18-55, 70-200 ಮುಂತಾದ ಅಂಕಿಗಳು ದೂರದ್ದನ್ನು ಎಷ್ಟು ಹತ್ತಿರಕ್ಕೆ ಎಳೆಯುತ್ತದೆ ಎಂಬುದನ್ನು ಹೇಳುತ್ತವೆ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ. 55 ಎಂಬುದನ್ನು ನೋಡಿ 55 ಎಂ.ಎಂ. ಫಿಲ್ಟರ್ ತಂದು, ಕೂರುವುದಿಲ್ಲ ಎಂದು ಮರಳಿಸಿದವರನ್ನು ಕಂಡಿದ್ದೇನೆ.

ಗೀರಿನ ಪ್ರಕರಣವಾದ ಮರುವಾರವೇ ನಾನು ಮುನ್ನೂರು ರೂಪಾಯಿಯ ಒಂದು ಯುವಿ (ನೇರಳಾತೀತ ಕಿರಣ ತಡೆಯುವ) ಫಿಲ್ಟರ್ ತಂದು ಹಾಕಿದೆ. ಹೆಸರು ಕೇಳದ ಕಂಪನಿ. ಗಾಜು ಗಾಜೇ ಅಲ್ಲವೇ, ಕೆಸರು ತಡೆದರೆ ಸಾಕು ಎಂದುಕೊಂಡೆ. ಹಗಲಿನಲ್ಲಿ ಯಾವ ತೊಂದರೆಯೂ ತೋರಲಿಲ್ಲ. ರಾತ್ರಿ ಸುಮಾರು ಎರಡು ಗಂಟೆಗೆ ನೇಗಿಲು ವಿಭಾಗದ ಓಟ ನಡೆಯುತ್ತಿತ್ತು. ಕರೆಯ ಉದ್ದಕ್ಕೂ ಫ್ಲಡ್‌ಲೈಟುಗಳು, ಅವುಗಳ ಕೆಳಗೆ ಎದೆಯೆತ್ತರ ನೀರು ಚಿಮ್ಮಿಸುತ್ತ ಎರಡು ಜೋಡಿ ಸಮಸಮವಾಗಿ ಬರುತ್ತಿದ್ದವು. ಎಡಗರೆಯ ಜೋಡಿಯನ್ನು ಓಡಿಸುತ್ತಿದ್ದ ಹುಡುಗನ ಎರಡೂ ಕಾಲು ಗಾಳಿಯಲ್ಲಿದ್ದವು. ಇಡೀ ಸೀಸನ್ನಿನಲ್ಲಿ ಅಂಥ ಗಳಿಗೆ ಒಂದೋ ಎರಡೋ ಸಿಗುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕೋಣದ ಎದೆಯ ಮೇಲೆ, ನೀರಿನ ಮೇಲೆ, ಹುಡುಗನ ತೊಡೆಯ ಮೇಲೆ ಹಸಿರು ಬಣ್ಣದ ದೀಪಗಳ ಒಂದು ಸಾಲು ತಲೆಕೆಳಗಾಗಿ ಮೂಡಿತ್ತು. ಎಷ್ಟು ದೀಪಗಳೆಂದು ಎಣಿಸಬಹುದಾಗಿತ್ತು. ಮೇಲೆ ಆರು ದೀಪ, ಕೆಳಗೆ ಅವುಗಳದೇ ಆರು ಹಸಿರು ಬಿಂಬ. ಆ ಚಿತ್ರವನ್ನು ಪತ್ರಿಕೆಗೆ ಕಳಿಸಲಾಗಲಿಲ್ಲ. ಇಂದಿಗೂ ಅದು ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಅಳಿಸಲು ಮನಸ್ಸು ಬಂದಿಲ್ಲ.

ಇದು ಏಕೆ ಆಗುತ್ತದೆ ಎಂದು ತಿಳಿಯಲು ನನಗೆ ಸಾಕಷ್ಟು ಸಮಯ ಹಿಡಿಯಿತು. ತಿಳಿದ ಮೇಲೆ ಫಿಲ್ಟರ್ ಆರಿಸುವ ಕೆಲಸವೇ ಸುಲಭವಾಯಿತು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ಲೇಪನವೂ ಇಲ್ಲದ ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಫಿಲ್ಟರಿಗೆ ಎರಡು ಮೈ, ಅಂದರೆ ಶೇ. 8. ಫ್ಲಡ್‌ಲೈಟಿನ ಬೆಳಕು ಲೆನ್ಸಿನೊಳಗೆ ಹಾದು, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಬೀಳುತ್ತದೆ. ಸೆನ್ಸರ್ ಕೂಡ ಹೊಳೆಯುವ ಮೈಯೇ. ಅದು ಒಂದಷ್ಟು ಬೆಳಕನ್ನು ಮರಳಿ ಲೆನ್ಸಿನ ಮೂಲಕವೇ ಮುಂದಕ್ಕೆ ಕಳಿಸುತ್ತದೆ. ಅಲ್ಲಿ ಫಿಲ್ಟರಿನ ಚಪ್ಪಟೆ ಗಾಜು ಕನ್ನಡಿಯಂತೆ ನಿಂತು ಅದನ್ನು ಮತ್ತೆ ಒಳಗೆ ದೂಡುತ್ತದೆ. ಹೀಗೆ ಎರಡನೆಯ ಸಲ ಸೆನ್ಸರಿಗೆ ಬಿದ್ದ ಬಿಂಬವೇ ಆ ಹಸಿರು ದೀಪಗಳು, ಚಿತ್ರದ ನಡುಬಿಂದುವಿಗೆ ಸರಿಯಾಗಿ ಎದುರು ಮಗ್ಗುಲಲ್ಲಿ. ಲೆನ್ಸಿನ ಮುಂಗಾಜು ಬಾಗಿರುವುದರಿಂದ ಅದರಿಂದ ಮರಳುವ ಬೆಳಕು ಚದುರಿಹೋಗುತ್ತದೆ. ಫಿಲ್ಟರ್ ಚಪ್ಪಟೆಯಾಗಿರುವುದರಿಂದಲೇ ಬಿಂಬ ಅಷ್ಟು ಸ್ಫುಟ.

ಇದಕ್ಕೆ ಮದ್ದು ಗಾಜಿನ ಮೇಲಿನ ಲೇಪನ. ಒಳ್ಳೆಯ ಬಹುಪದರ ಲೇಪನವಿದ್ದರೆ ಒಂದು ಮೈಯಿಂದ ಮರಳುವ ಬೆಳಕು ಶೇ. 0.5ಕ್ಕಿಂತಲೂ ಕಡಿಮೆಯಾಗುತ್ತದೆ. ಬಿಂಬ ಪೂರ್ತಿ ಹೋಗುವುದಿಲ್ಲ, ಆದರೆ ಕಣ್ಣಿಗೆ ಹೊಡೆಯುವುದಿಲ್ಲ. ಫಿಲ್ಟರಿಗೆ ನಾವು ಕೊಡುವ ಹಣದಲ್ಲಿ ಬಹುಪಾಲು ಹೋಗುವುದು ಈ ಲೇಪನಕ್ಕೆ, ಉಳಿದದ್ದು ಗಾಜು ಎಷ್ಟು ಸಮತಟ್ಟಾಗಿದೆ ಎಂಬುದಕ್ಕೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ನಾನು ನೋಡುವುದು ಈ ಎರಡನ್ನೇ.

ಮಂಗಳೂರಿನ ಹಂಪನಕಟ್ಟೆಯ ಬಳಿ ಒಂದು ಹಳೆಯ ಕ್ಯಾಮೆರಾ ಅಂಗಡಿಯಲ್ಲಿ ಲೇಪನವನ್ನು ಪರೀಕ್ಷಿಸುವ ಬಗೆಯನ್ನು ಹಿರಿಯರೊಬ್ಬರು ಕಲಿಸಿಕೊಟ್ಟರು. ನಾನು ಬೆಲೆ ಕೇಳುತ್ತ ನಿಂತಿದ್ದೆ. ಅವರು ಮಾತಾಡದೆ ಕೌಂಟರಿನ ಮೇಲೆ ಕಪ್ಪು ವೆಲ್ವೆಟ್ ಬಟ್ಟೆ ಹಾಸಿ, ಮೂರು ಫಿಲ್ಟರುಗಳನ್ನು ಸಾಲಾಗಿ ಇಟ್ಟರು. "ಮೇಲೆ ಟ್ಯೂಬ್‌ಲೈಟ್ ಇದೆಯಲ್ಲ, ಅದರ ನೆರಳನ್ನು ಗಾಜಿನಲ್ಲಿ ನೋಡಿ" ಎಂದರು. ಮೊದಲನೆಯದರಲ್ಲಿ ಟ್ಯೂಬ್‌ಲೈಟ್ ಬೆಳ್ಳಗೆ, ಕನ್ನಡಿಯಲ್ಲಿ ಕಂಡಂತೆ ಕಂಡಿತು. ಎರಡನೆಯದರಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಮೂರನೆಯದರಲ್ಲಿ ಕಡು ಹಸಿರಿನ ಒಂದು ಗೆರೆ, ಹುಡುಕಿದರಷ್ಟೇ ಸಿಗುವಂತಿತ್ತು. ಗಾಜೇ ಇಲ್ಲದೆ ರಿಂಗ್ ಮಾತ್ರ ಇಟ್ಟಂತಿತ್ತು. "ಈಗ ಬೆಲೆ ಹೇಳುತ್ತೇನೆ" ಎಂದರು ಅವರು. ಆಮೇಲೆ ಬೆಲೆ ಕೇಳಿದಾಗ ಏಕೆ ಅಷ್ಟು ಎಂದು ನಾನು ಕೇಳಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಯಾರು ಫಿಲ್ಟರ್ ಕೊಳ್ಳಲು ಸಲಹೆ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಆನ್‌ಲೈನಿನಲ್ಲಿ ತರಿಸಿದ್ದಾದರೂ ಪೆಟ್ಟಿಗೆ ಬಿಚ್ಚಿದ ಕೂಡಲೇ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಎರಡು ವರ್ಷದ ಹಿಂದೆ ಒಂದು ಮಾರಾಟ ತಾಣದಿಂದ ಪ್ರಸಿದ್ಧ ಹೆಸರಿನ ಫಿಲ್ಟರನ್ನು ತುಸು ಅಗ್ಗಕ್ಕೆ ಸಿಕ್ಕಿತೆಂದು ತರಿಸಿದೆ. ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಅಕ್ಷರಗಳ ಅಂಚು ಮಾತ್ರ ಸ್ವಲ್ಪ ಹರಡಿತ್ತು. ಟ್ಯೂಬ್‌ಲೈಟ್ ಬೆಳ್ಳಗೆ ಕಂಡಿತು. ನಕಲಿ. ಅದೇ ಸಂಜೆ ಮರಳಿಸಿದೆ. ಬಹುಪದರ ಲೇಪನ ಎಂದು ಪೆಟ್ಟಿಗೆಯ ಮೇಲೆ ಬರೆದು ಒಳಗೆ ಬೋಳು ಗಾಜು ಕೂರಿಸಿದರೆ ಮನೆಯ ದೀಪವೇ ಹಿಡಿದುಕೊಡುತ್ತದೆ.

ಅಂದು ಅಂಗಡಿಯಿಂದ ನಾನು ತಂದದ್ದು ಜರ್ಮನಿಯ ಬಿ+ಡಬ್ಲ್ಯೂ ಕಂಪನಿಯ ಎಕ್ಸ್‌ಎಸ್-ಪ್ರೊ 007 ಕ್ಲಿಯರ್, ಎಂಆರ್‌ಸಿ ನ್ಯಾನೊ ಲೇಪನದ್ದು. 77 ಎಂ.ಎಂ. ಅಳತೆಗೆ ಐದು ಸಾವಿರದ ಎಂಟುನೂರು ರೂಪಾಯಿ ಕೊಟ್ಟೆ. ಕಂಪನಿಯ ಹೆಸರು ಕಪ್ಪು-ಬಿಳುಪು ಎಂಬುದರ ಇಂಗ್ಲಿಷ್ ಮೊದಲಕ್ಷರಗಳೆಂದು ಬಹಳ ಜನ ಎಣಿಸಿದ್ದಾರೆ, ನಾನೂ ಎಣಿಸಿದ್ದೆ. 1947ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ಕಟ್ಟಿದ ಬೀರ್ಮನ್ ಮತ್ತು ವೇಬರ್ ಎಂಬ ಇಬ್ಬರ ಹೆಸರು ಅದು. 007 ಎಂದರೆ ಯಾವ ಬಣ್ಣವೂ ಇಲ್ಲದ ಸ್ವಚ್ಛ ಗಾಜು. ಅದೇ ಕಂಪನಿಯ ಯುವಿ ಫಿಲ್ಟರಿಗೆ 010 ಎಂಬ ಸಂಖ್ಯೆ.

ಆರು ವರ್ಷ ಬಳಸಿದ ಮೇಲೆ ಅದರ ಬಗ್ಗೆ ನಾನು ಧೈರ್ಯವಾಗಿ ಹೇಳಬಹುದಾದ ಮೊದಲ ಮಾತು, ಅದರ ರಿಂಗ್ ಹಿತ್ತಾಳೆಯದು. ಅಂಗಡಿಯಲ್ಲಿ ಇದು ದೊಡ್ಡ ವಿಷಯವೆಂದು ತೋರುವುದಿಲ್ಲ. ಕೆಸರು ಕೈಯಲ್ಲಿ, ನಸುಕಿನ ಚಳಿಯಲ್ಲಿ, ದೊಣ್ಣೆಗಳ ಬೇಲಿಗೆ ಒರಗಿ ನಿಂತು ಫಿಲ್ಟರ್ ಬಿಚ್ಚಬೇಕಾದಾಗ ತಿಳಿಯುತ್ತದೆ. ಅಗ್ಗದ ಅಲ್ಯೂಮಿನಿಯಂ ರಿಂಗುಗಳು ಲೆನ್ಸಿನ ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಕಚ್ಚಿಕೊಳ್ಳುತ್ತವೆ. ಒಂದು ಮರಳಿನ ಕಣ ಸಿಕ್ಕಿಕೊಂಡರಂತೂ ಮುಗಿಯಿತು. ಹಿತ್ತಾಳೆ ಹಾಗೆ ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ. ಆರು ವರ್ಷಗಳಲ್ಲಿ ಇದು ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ನನ್ನ ಜೊತೆ ಬರುವ ಕಿರಿಯ ಫೋಟೋಗ್ರಾಫರ್ ಒಬ್ಬನಿದ್ದಾನೆ. ಒಂದು ರಾತ್ರಿ ಅವನ ಫಿಲ್ಟರ್ ಹಾಗೆ ಕಚ್ಚಿಕೊಂಡು ಕೂತಿತು. "ಅಣ್ಣ, ಎಷ್ಟು ತಿರುಗಿಸಿದರೂ ಬರುತ್ತಿಲ್ಲ" ಎಂದು ಅಳುಮೋರೆ ಮಾಡಿದ. ಬೆರಳುಗಳಿಂದ ರಿಂಗನ್ನು ಎರಡು ಕಡೆ ಒತ್ತಿ ಹಿಡಿದಷ್ಟೂ ಅದು ಮೊಟ್ಟೆಯಾಕಾರಕ್ಕೆ ಬಾಗಿ ಇನ್ನಷ್ಟು ಬಿಗಿಯಾಗುತ್ತದೆ. ಅವನ ಹವಾಯಿ ಚಪ್ಪಲಿಯನ್ನು ತೊಳೆದು ಒರೆಸಿ, ಅದರ ರಬ್ಬರಿನ ಮೇಲೆ ಲೆನ್ಸನ್ನು ಮೂತಿ ಕೆಳಗಾಗಿ ನೆಟ್ಟಗೆ ಒತ್ತಿ ತಿರುಗಿಸಿದೆ. ರಿಂಗಿನ ಸುತ್ತಲೂ ಹಿಡಿತ ಒಂದೇ ಸಮವಾಗಿ ಸಿಗುವುದರಿಂದ ಒಂದೇ ಸುತ್ತಿಗೆ ಬಿಟ್ಟಿತು. ಫಿಲ್ಟರನ್ನು ಹಾಕುವಾಗಲೂ ಪೂರ್ತಿ ಬಿಗಿಮಾಡಬೇಡಿ. ನಿಂತ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಡಿ.

ಎರಡನೆಯ ಗುಣ, ನೀರು ನಿಲ್ಲದಿರುವುದು. ನ್ಯಾನೊ ಎಂದು ಅವರು ಕರೆಯುವ ಮೇಲ್ಪದರ ನೀರನ್ನು ಕೆಸುವಿನೆಲೆಯಂತೆ ಉರುಳಿಸುತ್ತದೆ. ಕೆಸರ ಹನಿ ಬಿದ್ದಲ್ಲಿ ಹರಡದೆ ಗುಂಡಗೆ ಕೂರುತ್ತದೆ. ಬ್ಲೋವರಿನಿಂದ ನಾಲ್ಕು ಸಲ ಗಾಳಿ ಹೊಡೆದರೆ ಹಸಿ ಇರುವ ಬಹುಪಾಲು ಹನಿ ಹಾರಿಹೋಗುತ್ತದೆ, ಗಾಜನ್ನು ಮುಟ್ಟುವ ಅಗತ್ಯವೇ ಇಲ್ಲ. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ನೀರು ಹಾರಿಸುವ ಕನೆ ಹಲಗೆ ಸ್ಪರ್ಧೆಯ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ. ಹಲಗೆಯ ತೂತುಗಳಿಂದ ನೀರು ಬಾಣದಂತೆ ಮೇಲೇರಿ ಆರೂವರೆ ಕೋಲು ಎತ್ತರದ ನಿಶಾನೆಯನ್ನೋ ಏಳೂವರೆ ಕೋಲು ಎತ್ತರದ್ದನ್ನೋ ಮುಟ್ಟಬೇಕು. ಮುಟ್ಟಿದ ನೀರು ಕೆಳಗೆ ಬರಲೇಬೇಕಲ್ಲ! ಗಾಳಿ ನಮ್ಮ ಕಡೆ ಇದ್ದರೆ ಕಂಪೌಂಡಿನ ಬದಿಯಲ್ಲಿರುವ ಎಲ್ಲರಿಗೂ ಅಭಿಷೇಕ. ಇಳಿಬಿಸಿಲು ಆ ನೀರಿನ ಹಿಂದಿನಿಂದ ಬಂದಾಗ ಒಂದೊಂದು ಹನಿಯೂ ಬೆಳಗುತ್ತದೆ. ಆ ಹತ್ತು ಸೆಕೆಂಡುಗಳಲ್ಲಿ ಲೆನ್ಸಿನ ಮುಂದೆ ಹಸ್ತ ಅಡ್ಡ ಹಿಡಿದು ನಿಲ್ಲುವವನಿಗೆ ಚಿತ್ರ ಸಿಗುವುದಿಲ್ಲ. ಫಿಲ್ಟರ್ ಇದೆ ಎಂಬ ಧೈರ್ಯದಿಂದ ಮುಖವೊಡ್ಡಿ ನಿಲ್ಲುವುದನ್ನು ನಾನು ಆ ಗಾಜಿನಿಂದಲೇ ಕಲಿತೆ.

ಮೂರನೆಯದಾಗಿ, ಅದನ್ನು ತೊಳೆಯಬಹುದು. ಲೆನ್ಸನ್ನು ನಲ್ಲಿಯ ಕೆಳಗೆ ಹಿಡಿಯಲಾಗುವುದಿಲ್ಲ, ಫಿಲ್ಟರನ್ನು ಹಿಡಿಯಬಹುದು. ಈ ಒಂದು ಕಾರಣಕ್ಕೇ ಕೆಸರಿನಲ್ಲಿ, ಕಡಲ ಬದಿಯಲ್ಲಿ ಫಿಲ್ಟರ್ ಬೇಕೇ ಬೇಕು ಎನ್ನುತ್ತೇನೆ. ನನ್ನ ಚೀಲದಲ್ಲಿ ಈಗ ಎರಡು ಫಿಲ್ಟರುಗಳಿವೆ. ಎರಡನೆಯದು ಮಧ್ಯಮ ಬೆಲೆಯ ಜಪಾನಿನದು, ಸಾವಿರದ ಎಂಟುನೂರು ಕೊಟ್ಟದ್ದು. ಒಂದು ಲೆನ್ಸಿನ ಮೇಲಿದ್ದಾಗ ಇನ್ನೊಂದು ಬಕೆಟಿನಲ್ಲಿರುತ್ತದೆ. ಮೊದಲು ಬಾಟಲಿ ನೀರನ್ನು ಮೇಲಿನಿಂದ ಸುರಿದು ಮರಳನ್ನು ತೊಳೆದುಬಿಡಬೇಕು, ಆಮೇಲೆ ಶುದ್ಧ ನೀರಿನಲ್ಲಿ ಅದ್ದಬೇಕು, ಕೊನೆಗೆ ಹಳೆಯ ಮೃದುವಾದ ಹತ್ತಿ ಬಟ್ಟೆಗೆ ಒತ್ತಿ ನೀರನ್ನು ಹೀರಿಸಬೇಕು. ಉಜ್ಜುವುದು ಎಲ್ಲ ಮುಗಿದ ಮೇಲೆ, ಮೈಕ್ರೋಫೈಬರ್ ಬಟ್ಟೆಯಿಂದ, ಹಗುರವಾಗಿ. ಮನೆಗೆ ಬಂದ ಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಇನ್ನೊಮ್ಮೆ ತೊಳೆಯುತ್ತೇನೆ. ರಿಂಗು ಮತ್ತು ಗಾಜಿನ ನಡುವಿನ ಸಂದಿಯಲ್ಲಿ ಮಣ್ಣು ಕೂರುತ್ತದೆ, ಅದಕ್ಕೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಬೇಕು.

ಕಡಲಿನ ವಿಷಯವೂ ಇದೇ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ, ನಡುವೆ ಹೆದ್ದಾರಿ. ಮದುವೆಗೆ ಮುಂಚಿನ ಫೋಟೋಗಳಿಗೆ ಜೋಡಿಗಳು ಅಲ್ಲಿಗೇ ಹೋಗಬೇಕು ಎನ್ನುತ್ತಾರೆ. ಗಾಳಿ ಬೀಸುವ ದಿನ ಅರ್ಧ ಗಂಟೆಯಲ್ಲಿ ಗಾಜಿನ ಮೇಲೆ ಉಪ್ಪಿನ ಮಂಜು ಕೂರುತ್ತದೆ. ಒಣಗಿದ ಉಪ್ಪನ್ನು ಒರೆಸಿದರೆ ಅದು ಮರಳಿನಷ್ಟೇ ಕೆಟ್ಟದು. ನೀರಿನಲ್ಲಿ ಕರಗಿಸಿಯೇ ತೆಗೆಯಬೇಕು.

ಇನ್ನು ಚಿತ್ರದ ಸ್ಪಷ್ಟತೆ. ಫಿಲ್ಟರ್ ಹಾಕಿದರೆ ಚಿತ್ರ ಮಸುಕಾಗುತ್ತದೆ ಎಂದು ಕೆಲವರು ಆಣೆ ಮಾಡಿ ಹೇಳುತ್ತಾರೆ, ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು. ನಾನು ನಮ್ಮೂರಿನಲ್ಲೇ ಪರೀಕ್ಷಿಸಿ ನೋಡಿದೆ. ಚತುರ್ಮುಖ ಬಸದಿಯ ಮೆಟ್ಟಿಲ ಮೇಲೆ ಟ್ರೈಪಾಡ್ ಇಟ್ಟು, ಎದುರಿನ ಬೆಟ್ಟದ ಗೊಮ್ಮಟನತ್ತ 70-200 ಲೆನ್ಸನ್ನು 200ಕ್ಕೆ ತಿರುಗಿಸಿ, ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ಒಂದೊಂದು ಫಿಲ್ಟರ್ ಹಾಕಿ, ಆಮೇಲೆ ಯಾವುದೂ ಇಲ್ಲದೆ, ಹತ್ತತ್ತು ಚಿತ್ರ ತೆಗೆದೆ. 1432ರಿಂದ ಅಲುಗಾಡದೆ ನಿಂತಿರುವ 42 ಅಡಿಯ ಮೂರ್ತಿಗಿಂತ ಒಳ್ಳೆಯ ಪರೀಕ್ಷಾ ಫಲಕ ನನಗೆ ಬೇರೆಲ್ಲಿ ಸಿಗಬೇಕು? ಗೊಮ್ಮಟನ ತಲೆಯ ಗುಂಗುರು ಕೂದಲಿನ ಸುರುಳಿಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ಹೋಲಿಸಿದೆ. ಮುನ್ನೂರು ರೂಪಾಯಿಯ ಗಾಜಿನಲ್ಲಿ ಸುರುಳಿಗಳು ಒಂದರೊಳಗೊಂದು ಕಲಸಿಹೋಗಿದ್ದವು, ಅಂಚುಗಳಲ್ಲಿ ಇಬ್ಬಗೆಯ ಗೆರೆ ಮೂಡಿತ್ತು. ಬಿ+ಡಬ್ಲ್ಯೂ ಹಾಕಿದ ಚಿತ್ರಕ್ಕೂ ಏನೂ ಹಾಕದ ಚಿತ್ರಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ಜಪಾನಿನದರಲ್ಲಿಯೂ ಇಲ್ಲ. ಇದೇ ಪರೀಕ್ಷೆಯನ್ನು 24-70 ಲೆನ್ಸಿನಲ್ಲಿ 24ಕ್ಕೆ ಇಟ್ಟು ಮಾಡಿದಾಗ ಮೂರೂ ಒಂದೇ ತರಹ ಬಂದವು. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಲೆನ್ಸು ಗಾಜಿನ ಓರೆಕೋರೆಯನ್ನೂ ಜೊತೆಗೇ ದೊಡ್ಡದು ಮಾಡುತ್ತದೆ. ಹಕ್ಕಿ, ಕ್ರಿಕೆಟ್, ಕಂಬಳ ಎಂದು ಉದ್ದದ ಲೆನ್ಸ್ ಬಳಸುವವರು ಅಗ್ಗದ ಫಿಲ್ಟರನ್ನು ಹಾಕುವುದಕ್ಕಿಂತ ಹಾಕದಿರುವುದೇ ಮೇಲು.

ಯುವಿ ಬೇಕೋ ಸ್ವಚ್ಛ ಗಾಜು ಸಾಕೋ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಾನು ಕೆಲಸ ಕಲಿತ ಸ್ಟುಡಿಯೋದ ಮಾಲೀಕರು ಯುವಿ ಫಿಲ್ಟರ್ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಅವರ ಕಾಲಕ್ಕೆ ಅದು ಸರಿಯೇ ಆಗಿತ್ತು. ಫಿಲ್ಮ್ ರೋಲಿಗೆ ನೇರಳಾತೀತ ಕಿರಣ ತಾಗುತ್ತಿತ್ತು. ಕುದುರೆಮುಖದ ಸಾಲುಬೆಟ್ಟಗಳನ್ನು ತೆಗೆದರೆ ದೂರದ್ದೆಲ್ಲ ನೀಲಿಗಟ್ಟಿ ಮಸುಕಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಕಿರಣವನ್ನು ತಡೆಯುವ ಗಾಜು ಸೆನ್ಸರಿನ ಮುಂದೆಯೇ ಇರುತ್ತದೆ. ಆದ್ದರಿಂದ ಈಗ ಎರಡೂ ಒಂದೇ. ಲೇಪನ ಚೆನ್ನಾಗಿದ್ದು ಯುವಿ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೋಯಾ, ಕೆಂಕೊ, ಮಾರುಮಿ ಮುಂತಾದ ಜಪಾನಿನ ಕಂಪನಿಗಳು ಎರಡು ಬಗೆಯನ್ನೂ ಬೇರೆ ಬೇರೆ ದರ್ಜೆಯ ಲೇಪನದಲ್ಲಿ ಮಾರುತ್ತವೆ. ಒಂದೇ ಕಂಪನಿಯ ಕೆಳದರ್ಜೆಗೂ ಮೇಲ್ದರ್ಜೆಗೂ ಅಜಗಜಾಂತರ, ಹೆಸರು ನೋಡಿ ಮಾತ್ರ ಕೊಳ್ಳಬೇಡಿ. ನಿಕಾನ್ ತನ್ನದೇ ಆದ ಎನ್‌ಸಿ ಎಂಬ ಸ್ವಚ್ಛ ಗಾಜನ್ನು ಮಾಡುತ್ತದೆ, ಕ್ಯಾನನ್ ಕೂಡ ಪ್ರೊಟೆಕ್ಟ್ ಎಂಬ ಹೆಸರಿನಲ್ಲಿ ಮಾಡುತ್ತದೆ. ನೀರು, ಗಾಜುಗಳ ಹೊಳಪನ್ನು ಕಡಿಮೆ ಮಾಡುವ ಪೋಲರೈಸರ್ ಫಿಲ್ಟರನ್ನು ಮಾತ್ರ ರಕ್ಷಣೆಗೆಂದು ಹಾಕಿಬಿಡಬೇಡಿ. ಅದು ಒಂದರಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ), ರಾತ್ರಿಯ ಓಟದಲ್ಲಿ ನಮಗೆ ಅಷ್ಟು ಬೆಳಕನ್ನು ಬಿಟ್ಟುಕೊಡುವ ಶಕ್ತಿ ಇರುವುದಿಲ್ಲ.

ಬಿದ್ದರೆ ಫಿಲ್ಟರ್ ಲೆನ್ಸನ್ನು ಉಳಿಸುತ್ತದೆಯೇ? ಅಂಗಡಿಯವರು ಮೊದಲು ಹೇಳುವುದೇ ಇದನ್ನು. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಅದೇ ಕಿರಿಯ ಗೆಳೆಯ ಜನಜಂಗುಳಿಯಲ್ಲಿ ತಿರುಗಿದಾಗ ಹೆಗಲಲ್ಲಿದ್ದ ಕ್ಯಾಮೆರಾ ಬೀಸಿ ಕಂಬಕ್ಕೆ ತಾಗಿತು, ಫಿಲ್ಟರ್ ಚೂರಾಯಿತು. "ಫಿಲ್ಟರ್ ಇಲ್ಲದಿದ್ದರೆ ಲೆನ್ಸೇ ಹೋಗುತ್ತಿತ್ತು ಅಣ್ಣ" ಎಂದ. ಆದರೆ ಫಿಲ್ಟರಿನ ಗಾಜು ಬಲು ತೆಳು, ಲೆನ್ಸಿನ ಮುಂಗಾಜು ದಪ್ಪ. ತೆಳುವಾದದ್ದು ಒಡೆಯುವಷ್ಟು ಪೆಟ್ಟು ದಪ್ಪನೆಯದಕ್ಕೆ ಏನೂ ಮಾಡದೆ ಇರುವುದೂ ಉಂಟು. ಒಡೆದ ಚೂರುಗಳೇ ಮುಂಗಾಜನ್ನು ಗೀರಿದ್ದವು. ಅಂಥ ಸಂದರ್ಭದಲ್ಲಿ ಲೆನ್ಸನ್ನು ತಕ್ಷಣ ಮೂತಿ ಕೆಳಗೆ ಮಾಡಿ ಹಿಡಿದು, ಚೂರುಗಳನ್ನು ಬ್ಲೋವರಿನಿಂದ ಉದುರಿಸಿ, ಆಮೇಲೆ ರಿಂಗ್ ಬಿಚ್ಚಬೇಕು. ಬಟ್ಟೆ ತಾಗಿಸಲೇಬಾರದು. ಪೆಟ್ಟು ತಡೆಯಲು ಇರುವುದು ಹುಡ್. ಲೆನ್ಸಿನ ಜೊತೆಗೇ ಬಂದ ಆ ಪ್ಲಾಸ್ಟಿಕ್ ಕೊಳವೆಯನ್ನು ಎಷ್ಟೋ ಜನ ತಿರುಗಿಸಿ ಹಾಕಿಕೊಂಡೇ ಇರುತ್ತಾರೆ. ನೇರ ಮಾಡಿ ಹಾಕಿದರೆ ಪೆಟ್ಟನ್ನೂ ತಿನ್ನುತ್ತದೆ, ಬದಿಯ ಬೆಳಕನ್ನೂ ತಡೆಯುತ್ತದೆ. ಕೆಸರಿಗೆ ಫಿಲ್ಟರ್, ಕಂಬಕ್ಕೆ ಹುಡ್.

ಅಗಲದ ಲೆನ್ಸಿನವರು ರಿಂಗಿನ ದಪ್ಪವನ್ನು ನೋಡಬೇಕು, ದಪ್ಪ ರಿಂಗು ಮೂಲೆಗಳನ್ನು ಕಪ್ಪು ಮಾಡುತ್ತದೆ. ಎಕ್ಸ್‌ಎಸ್-ಪ್ರೊ ರಿಂಗು ತೆಳುವಾಗಿದ್ದೂ ಮುಂದೆ ಥ್ರೆಡ್ ಇರುವುದರಿಂದ ಮುಚ್ಚಳ ಸರಿಯಾಗಿ ಕೂರುತ್ತದೆ. ನಿಕಾನ್ 14-24 ಎಫ್/2.8 ಜಿ ಅಂಥ ಉಬ್ಬುಗಾಜಿನ ಲೆನ್ಸುಗಳಿಗೆ ಈ ಬಗೆಯ ಫಿಲ್ಟರ್ ಹಾಕಲು ಜಾಗವೇ ಇಲ್ಲ. ಕ್ಯಾನನ್‌ನ 17-40 ಎಫ್/4 ಎಲ್ ಲೆನ್ಸಿಗೆ ಮಳೆಧೂಳಿನ ರಕ್ಷಣೆ ಪೂರ್ತಿಯಾಗಬೇಕಾದರೆ ಮುಂದೆ ಫಿಲ್ಟರ್ ಹಾಕಬೇಕೆಂದು ಕಂಪನಿಯೇ ಹೇಳುತ್ತದೆ, ಅದನ್ನು ಬಳಸುವವರು ಯೋಚಿಸುವ ಅಗತ್ಯವಿಲ್ಲ.

ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಫಿಲ್ಟರ್ ಇದ್ದರೆ ಫಂಗಸ್ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಜೂನ್ ತಿಂಗಳಲ್ಲಿ ಫಿಲ್ಟರ್ ಹಾಕಿಯೇ ಕಪಾಟಿನಲ್ಲಿಟ್ಟರೆ ಲೆನ್ಸಿಗೂ ಫಿಲ್ಟರಿಗೂ ನಡುವೆ ತೇವದ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲ ಶುರುವಾಗುವಾಗ ನಾನು ಫಿಲ್ಟರನ್ನು ಬಿಚ್ಚಿ, ಎರಡನ್ನೂ ಬೇರೆ ಬೇರೆಯಾಗಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಳಗೆ ತೇವಾಂಶ ಅಳೆಯುವ ಚಿಕ್ಕ ಮೀಟರ್ ಇದೆ; ಶೇ. 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ.

ಮದುವೆ ಮನೆಯಲ್ಲಿ ನಾನು ಫಿಲ್ಟರ್ ಹಾಕುವುದಿಲ್ಲ. ಅಲ್ಲಿ ಕೆಸರಿಲ್ಲ, ಆರತಿಯ ದೀಪವಿದೆ, ವೇದಿಕೆಯ ಹಿಂದೆ ಎಲ್‌ಇಡಿ ಸಾಲಿದೆ. ಹೋಮದ ಹೊತ್ತಿನಲ್ಲಿ ತುಪ್ಪದ ಹನಿ ಸಿಡಿಯುವಷ್ಟು ಹತ್ತಿರ ಹೋಗಬೇಕಾದರೆ ಮಾತ್ರ ಹಾಕಿ, ಮುಗಿದ ಕೂಡಲೇ ತೆಗೆಯುತ್ತೇನೆ. ಯಕ್ಷಗಾನಕ್ಕೂ ಹಾಕುವುದಿಲ್ಲ. ಒಮ್ಮೆ ಹಾಕಿದರೆ ಲೆನ್ಸ್ ಮಾರುವವರೆಗೂ ತೆಗೆಯಬಾರದು ಎಂದು ಅದನ್ನು ತಾಳಿಯಂತೆ ಕಾಣುವವರ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. ತಿರುಗಿಸಿ ತೆಗೆಯಲು ಬರುವಂತೆ ಅದಕ್ಕೆ ಥ್ರೆಡ್ ಕೊಟ್ಟಿರುವುದು ತೆಗೆಯಲೆಂದೇ.

ಕಷ್ಟವಿರುವುದು ಕಂಬಳದ ರಾತ್ರಿಯಲ್ಲಿ. ಅಲ್ಲಿ ಕೆಸರೂ ದೀಪವೂ ಒಟ್ಟಿಗೇ ಎದುರಿಗಿರುತ್ತವೆ. ಹಾಕಿದರೆ ಬಿಂಬದ ಭಯ, ತೆಗೆದರೆ ಮರಳಿನ ಭಯ. ನಾನು ಐದು ಸಾವಿರದ ಎಂಟುನೂರು ಕೊಟ್ಟದ್ದು ವರ್ಷದ ಈ ಏಳೆಂಟು ರಾತ್ರಿಗಳಿಗಾಗಿ. ಬಿ+ಡಬ್ಲ್ಯೂ ಹಾಕಿ ಮಂಜೊಟ್ಟಿಯಿಂದ ನೇರ ಫ್ಲಡ್‌ಲೈಟಿಗೆ ಮುಖಮಾಡಿ ತೆಗೆದ ಚಿತ್ರಗಳಲ್ಲಿಯೂ ಬಿಂಬ ಇದೆ. ಆದರೆ ಕಪ್ಪು ಆಕಾಶದಲ್ಲಿ ಹುಡುಕಿದರೆ ಸಿಗುವ ಮಬ್ಬು ಚುಕ್ಕೆಗಳಷ್ಟೇ; ಕೋಣದ ಮೈಮೇಲೆ, ನೀರಿನ ಮೇಲೆ ಬಿದ್ದಾಗ ಕಾಣುವುದೇ ಇಲ್ಲ. ನಾನು ಇನ್ನೊಂದು ಉಪಾಯ ಮಾಡುತ್ತೇನೆ. ಬಿಂಬ ಯಾವಾಗಲೂ ನಡುಬಿಂದುವಿನ ಎದುರು ಮಗ್ಗುಲಲ್ಲಿ ಬೀಳುವುದರಿಂದ, ದೀಪಗಳನ್ನು ಚಿತ್ರದ ಮೇಲಂಚಿಗೆ ಒತ್ತುತ್ತೇನೆ. ಆಗ ಬಿಂಬ ಕೆಳಂಚಿನ ಕೆಸರಿನಲ್ಲಿ ಕರಗಿಹೋಗುತ್ತದೆ. ಬೇಕಾದರೆ ಅಷ್ಟನ್ನು ಕತ್ತರಿಸಿ ತೆಗೆಯಬಹುದು.

ಇಷ್ಟು ಹಣ ಎಲ್ಲರೂ ಕೊಡಬೇಕೆಂದು ನಾನು ಹೇಳುವುದಿಲ್ಲ. ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸಿಗೆ ಲೆನ್ಸಿನಷ್ಟೇ ಬೆಲೆಯ ಫಿಲ್ಟರ್ ಹಾಕುವುದು ಕೋಳಿಗಿಂತ ಮಸಾಲೆ ಭಾರ ಎಂಬಂತೆ. ಅಂಥವರು ಹುಡ್ ಒಂದನ್ನು ಕೊಂಡು, ಕಡಲಿಗೋ ಕೆಸರಿಗೋ ಹೋಗುವಾಗ ಮಾತ್ರ ಸಾವಿರದ ಆಸುಪಾಸಿನ, ಟ್ಯೂಬ್‌ಲೈಟ್ ಪರೀಕ್ಷೆ ಗೆದ್ದ ಒಂದು ಫಿಲ್ಟರ್ ಹಾಕಲಿ. ಬೇರೆ ಬೇರೆ ಅಳತೆಯ ಲೆನ್ಸಿರುವವರು ದೊಡ್ಡ ಅಳತೆಗೆ ಒಂದು ಒಳ್ಳೆಯದನ್ನು ಕೊಂಡು, ಚಿಕ್ಕದಕ್ಕೆ ದೊಡ್ಡ ಫಿಲ್ಟರನ್ನು ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಬಹುದು; ಆಗ ಚಿಕ್ಕ ಲೆನ್ಸಿನ ಹುಡ್ ಕೂರುವುದಿಲ್ಲ ಎಂಬುದು ಗೊತ್ತಿರಲಿ.

ಕಳೆದ ಸೀಸನ್ನಿನಲ್ಲಿ ಮೂಡುಬಿದಿರೆಗೆಂದು ನಿಕಾನ್ 200-500 ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆ. ಅದರ ಬಾಯಿ 95 ಎಂ.ಎಂ., ನನ್ನ ಯಾವ ಫಿಲ್ಟರೂ ಅದಕ್ಕೆ ಆಗುವುದಿಲ್ಲ. ಬಾಡಿಗೆಯವರು ತಮ್ಮದೇ ಒಂದನ್ನು ಹಾಕಿಕೊಟ್ಟಿದ್ದರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ, ಬೆಳ್ಳಗೆ ಕಂಡಿತು. ಅದನ್ನು ಅಲ್ಲೇ ಬಿಚ್ಚಿ ಅವರ ಕೈಗೆ ಕೊಟ್ಟು, ಹುಡ್ ಮಾತ್ರ ಹಾಕಿಕೊಂಡು ಹೋಗಿ, ಕರೆಯಿಂದ ನಲವತ್ತು ಹೆಜ್ಜೆ ಹಿಂದೆ ನಿಂತು ಚಿತ್ರ ತೆಗೆದೆ.